ಹೂಂ ಅಂದ ಜಾಗ

ಲಿಫ್ಟಿನ ಕೆಲಸಕ್ಕೆ ಯಾವತ್ತೂ ಇಬ್ಬರು ಬೇಕು. ಒಬ್ಬರು ಮೇಲೆ ಮೆಷಿನ್ ರೂಮಿನಲ್ಲಿ, ಇನ್ನೊಬ್ಬರು ಕೆಳಗೆ, ಲಿಫ್ಟಿನ ತಳದ ಗುಂಡಿಯಲ್ಲಿ. ನಡುವೆ ಆರೋ ಏಳೋ ಮಹಡಿ; ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಸೊಂಟದಲ್ಲಿ ತೂಗುವ ವಾಕಿಟಾಕಿಯ ಗೊರಗೊರ ದನಿಯನ್ನೇ ನಂಬಿಕೊಂಡು ಬದುಕಬೇಕು. ಹನ್ನೊಂದು ವರ್ಷ ಅಕ್ಕ ಮೇಲೆ, ತಮ್ಮ ಕೆಳಗೆ ನಿಂತು ಕೆಲಸ ಮಾಡಿದರು. ಕಂಪನಿಯಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವಳನ್ನು ಮೇಲಕ್ಕ ಎಂದೇ ಕರೆದರು. ತಮ್ಮನಿಗೆ ಗುಂಡಣ್ಣ ಎಂಬ ಹೆಸರು ಬಿತ್ತು. ಆಸಾಮಿ ನೋಡಿದರೆ ಬೆಂಕಿಕಡ್ಡಿಯ ಹಾಗಿದ್ದ, ಆದ್ದರಿಂದಲೇ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತು.

ಎರಡು ವರ್ಷದ ಹಿಂದೆ ಗುಂಡಣ್ಣನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಕಂಪನಿ ಅವನನ್ನು ಬಿಡಿಭಾಗಗಳ ಸ್ಟೋರಿನಲ್ಲಿ ಕೂರಿಸಿ, ಮೇಲಕ್ಕನನ್ನು ತರಬೇತಿ ಕೇಂದ್ರಕ್ಕೆ ಹಾಕಿತು. ಎರಡೂ ಒಂದೇ ಕಾಂಪೌಂಡಿನೊಳಗೆ ಇದ್ದವು. ಸ್ಟೋರಿನ ಕಿಟಕಿಯಿಂದ ತರಬೇತಿ ಹಾಲಿನ ಬಾಗಿಲು ಕಾಣುತ್ತಿತ್ತು. ಮನೆಯೂ ಒಂದೇ. ಮೊದಲು ಮೇಲಿನ ಅಂತಸ್ತಿನಲ್ಲಿದ್ದ ತಮ್ಮನ ಸಂಸಾರ ಕಾಲು ಹೋದ ಮೇಲೆ ಕೆಳಗಿಳಿಯಿತು, ಒಂಟಿಯಾಗಿದ್ದ ಅಕ್ಕ ಮೇಲಕ್ಕೆ ಹೋದಳು. "ಮನೇಲೂ ನೀನೇ ಮೇಲೆ, ನಾನೇ ಕೆಳಗೆ" ಎಂದು ತಮ್ಮ ನಕ್ಕಿದ್ದ.

ಮೇಲಕ್ಕ ನಗಲಿಲ್ಲ. ಅಳಲೂ ಇಲ್ಲ. ಊಟ ಮಾಡುತ್ತಿದ್ದಳು, ಉಪ್ಪು ಸರಿಯಿದೆಯೇ ಎಂದು ಯಾರಾದರೂ ಕೇಳಿದರೆ ಮಾತ್ರ ಯೋಚಿಸಿ ಹೇಳಬೇಕಾಗುತ್ತಿತ್ತು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದಾಗ ದವಡೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳಿಗೆ ಒಳಗೆಲ್ಲ ಜೋಮು. ಕೆಲಸಕ್ಕೆ ಒಂದು ದಿನ ತಪ್ಪಿಸಿದವಳಲ್ಲ, ಒಂದು ದಿನ ತಡವಾಗಿ ಬಂದವಳಲ್ಲ. ಗಟ್ಟಿ ಹೆಂಗಸು ಅಂದರು ಜನ. ಜನ ಏನಾದರೂ ಅನ್ನಲೇಬೇಕಲ್ಲ.

ನಡೆದದ್ದು ಇಷ್ಟು. ಗುಂಡಿಗೆ ಇಳಿಯುವವರು ಮೊದಲು ಅಲ್ಲಿನ ಕೆಂಪು ಸ್ವಿಚ್ಚು ಒತ್ತಬೇಕು; ಅದು ಒತ್ತಿರುವವರೆಗೆ ಮೇಲಿನವರು ಏನು ಮಾಡಿದರೂ ಲಿಫ್ಟ್ ಕದಲುವುದಿಲ್ಲ. ಕೆಲಸ ಮುಗಿದ ಮೇಲೆ ಹತ್ತಿ ಆಚೆ ಬಂದು, ಬಾಗಿಲಲ್ಲಿ ನಿಂತು, ಕೈ ಚಾಚಿ ಅದನ್ನು ಬಿಡಿಸಬೇಕು. ಆಮೇಲೆ ಮೇಲಿನವರು ಕೇಳುತ್ತಾರೆ. ಕೆಳಗಿನವರು "ಗುಂಡಿಯಿಂದ ಆಚೆ ಬಂದೆ" ಎಂದು ಮೂರು ಪದ ಪೂರ್ತಿ ಹೇಳಬೇಕು. ಹೇಳಿದ ಮೇಲಷ್ಟೇ ಮೇಲೆ ಕರೆಂಟು. ಇದು ರೂಲ್ ಪುಸ್ತಕದ ನಾಲ್ಕನೇ ಪುಟದಲ್ಲೇ ಇದೆ. ಆವತ್ತು ತಮ್ಮ ಆಚೆ ಬಂದ, ಸ್ವಿಚ್ಚು ಬಿಡಿಸಿದ, ನೋಡಿದರೆ ಟಾರ್ಚು ಕೆಳಗೇ ಉಳಿದಿತ್ತು. ಒಂದು ಕ್ಷಣದ ಕೆಲಸವೆಂದು ಸ್ವಿಚ್ಚು ಒತ್ತದೆಯೇ ಮತ್ತೆ ಇಳಿದ. ಅಷ್ಟು ಹೊತ್ತಿಗೆ ಮೇಲಿನಿಂದ ಅಕ್ಕ ಕೇಳಿದಳು, "ಆಚೆ ಬಂದ್ಯಾ?"

"ಹೂಂ" ಎಂದಿತು ವಾಕಿಟಾಕಿ.

ನಮ್ಮ ಮಾತಿನಲ್ಲಿ ಈ ಹೂಂ ಎಂಥ ಕಿತಾಪತಿಯ ಪದ ನೋಡಿ. ಹೌದು ಎನ್ನಲೂ ಹೂಂ, ಕೇಳಿಸಿತು ಎನ್ನಲೂ ಹೂಂ, ತಡಿ ಆಮೇಲೆ ಹೇಳ್ತೀನಿ ಎನ್ನಲೂ ಹೂಂ. ಕಥೆ ಕೇಳುವವರು ಉದ್ದಕ್ಕೂ ಹೂಂಗುಟ್ಟುತ್ತಾರೆ, ಹಾಗೆಂದು ಕಥೆಯನ್ನು ಒಪ್ಪಿದರು ಎಂದೇನು? ಅಕ್ಕ ಅದನ್ನು ಹೌದು ಎಂದುಕೊಂಡಳು. ಸಂಜೆ ಐದಾಗಿತ್ತು, ಮನೆಗೆ ಹೊರಡುವ ಆತುರ. ಮೇನ್ ಸ್ವಿಚ್ಚು ಎತ್ತಿದಳು. ಕರೆಂಟು ಬಂದ ಕೂಡಲೇ ಲಿಫ್ಟ್ ತನ್ನ ಪಾಡಿಗೆ ತಾನು ನೆಲಮಹಡಿಗೆ ಇಳಿಯಿತು.

ಮರುದಿನ ಉದ್ದನೆಯ ಮೇಜಿನ ಆಚೆ ಮೂವರು ಕೂತು ವಿಚಾರಣೆ ಮಾಡಿದರು. ಕೆಳಗಿನಿಂದ ಏನೆಂದು ಉತ್ತರ ಬಂತು ಎಂದು ಕೇಳಿದರು. "ಗುಂಡಿಯಿಂದ ಆಚೆ ಬಂದೆ ಅಂದ" ಎಂದಳು ಅಕ್ಕ. ಬಾಯಿ ತಪ್ಪಿ ಬಂದದ್ದಲ್ಲ. ಮೂರೂ ಪದಗಳನ್ನು ಒಂದೊಂದಾಗಿ ಜೋಡಿಸಿ, ಟೈಪ್ ಮಾಡುವವರಿಗೆ ಅನುಕೂಲವಾಗುವ ಹಾಗೆ ನಿಧಾನವಾಗಿ ಹೇಳಿದಳು. ಕೆಳಗಿನ ಕೆಲಸಗಾರ ತಪ್ಪು ಮಾಹಿತಿ ನೀಡಿದ್ದರಿಂದ ಅವಘಡ ಎಂದು ವರದಿ ತಯಾರಾಯಿತು.

ತಮ್ಮನಿಗೆ ಆ ದಿನದ್ದು ಏನೂ ನೆನಪಿರಲಿಲ್ಲ. ಬೆಳಗ್ಗೆ ಚಹಾ ಕುಡಿದದ್ದು, ಅದಾದ ಮೇಲೆ ಆಸ್ಪತ್ರೆಯ ಫ್ಯಾನು. ವರದಿ ಓದಿದ, ನಂಬಿದ. ಹಾಸಿಗೆಯಲ್ಲೇ ಅಕ್ಕನ ಕೈ ಹಿಡಿದುಕೊಂಡು, "ಸುಳ್ಳು ಹೇಳಿ ನಿನ್ ಕೈಲಿ ಎಂಥಾ ಕೆಲಸ ಮಾಡಿಸ್ಬಿಟ್ಟೆ ಅಕ್ಕಾ. ನನ್ನ ಕ್ಷಮಿಸ್ಬಿಡು" ಅಂದ.

ಅಕ್ಕ "ಹೂಂ" ಅಂದಳು.

ಜೋಮು ಹಿಡಿದದ್ದು ಆವತ್ತು.

ಈ ವರ್ಷ ತರಬೇತಿ ಕೇಂದ್ರಕ್ಕೆ ತಲೆಗೆ ಹಾಕುವ ಹೆಡ್‌ಸೆಟ್ಟುಗಳು ಬಂದವು. ಜೊತೆಗೆ ಅವುಗಳಿಗೆ ಪಾಠ ಕಟ್ಟುವ ಒಬ್ಬಳು ಎಂಜಿನಿಯರು. ಬಂದ ದಿನವೇ ಒಂದು ಹೆಡ್‌ಸೆಟ್ ಹಾಕಿಕೊಂಡು ಹಾಲಿನ ಮೂಲೆಮೂಲೆಗೂ ಮುಖ ತಿರುಗಿಸುತ್ತಾ, ಕೈತೊಳೆಯುವ ಬೇಸಿನ್ನನ್ನೂ ಬಿಡದೆ, ಗೋಡೆ ಗೋಡೆಗಳನ್ನು ಅಳೆದಳು. ಅಂದಿನಿಂದ ಅವಳು ಅಳತೆ ಮೇಡಂ.

"ಇದಕ್ಕೆ ಜಾಗ ಗೊತ್ತಾಗುತ್ತೆ ಅಕ್ಕಾ" ಎಂದು ಉತ್ಸಾಹದಿಂದ ವಿವರಿಸಿದಳು. "ನೀವೆಲ್ಲಿ ನಿಂತಿದ್ದೀರಿ, ನಿಮ್ಮ ಬೆರಳು ಎಲ್ಲಿದೆ, ಯಾವುದನ್ನ ನೋಡ್ತಿದ್ದೀರಿ, ಎಲ್ಲಾ. ಪುಸ್ತಕ ಆದ್ರೆ ಪಾಠದ ಎದುರು ಕೂರ್ತೀವಿ. ಇಲ್ಲಿ ಪಾಠದ ಒಳಗೇ ಓಡಾಡ್ತೀವಿ."

ಸುಳ್ಳಲ್ಲ. ಹೆಡ್‌ಸೆಟ್ ಹಾಕಿದರೆ ಸುಣ್ಣ ಬಳಿದ ಬರೀ ಗೋಡೆಯ ಮೇಲೆ ಕಂಟ್ರೋಲ್ ಪ್ಯಾನೆಲ್ ನಿಲ್ಲುತ್ತಿತ್ತು. ಅತ್ತಿತ್ತ ನಡೆದರೂ ಅದು ತನ್ನ ಜಾಗ ಬಿಡುತ್ತಿರಲಿಲ್ಲ. ಬಗ್ಗಿದರೆ ಕೆಳಗಿನ ತಂತಿ ಕಾಣುತ್ತಿತ್ತು, ಬೆರಳು ಮಡಚಿ ಹಿಡಿದರೆ ಸ್ವಿಚ್ಚು ಕೈಗೆ ಸಿಗುತ್ತಿತ್ತು. ಹಳದಿ ಟೇಪು ಅಂಟಿಸಿದ ಕಡೆ ನೆಲವೇ ತೆರೆದುಕೊಂಡು ಏಳು ಮಹಡಿಯ ಆಳ. ಕಲಿಯಲು ಬಂದವರು ಅಲ್ಲಿ ಇಲ್ಲದ ಕಂಬಿಯನ್ನು ಹಿಡಿಯಲು ಹೋಗಿ ಮುಗ್ಗರಿಸುತ್ತಿದ್ದರು. ಮ್ಯಾನೇಜರು ಫೋಟೋಕ್ಕೆಂದು ಅದನ್ನು ತಲೆಕೆಳಗಾಗಿ ಹಾಕಿಕೊಂಡು, ಏನೂ ಕಾಣದಿದ್ದರೂ "ಅದ್ಭುತ" ಅಂದರು. ಮೇಲಕ್ಕ ಒಂದೊಂದು ತಂತಿಯ ಬಣ್ಣ, ಒಂದೊಂದು ನಟ್ಟು ನೋಡಿ, "ತುಕ್ಕು ಹಿಡಿದಿರೋದೂ ಸರಿಯಾಗಿದೆ" ಎಂದಳು. ಅವಳ ಬಾಯಲ್ಲಿ ಇದು ದೊಡ್ಡ ಹೊಗಳಿಕೆಯೇ.

ಗುರುವಾರ ಮೊದಲ ಪರೀಕ್ಷೆ. ಹೊಸಬರಲ್ಲಿ ಚುರುಕಾಗಿದ್ದವಳು ಹದಿನೈದು ವರ್ಷ ಬಟ್ಟೆ ಹೊಲಿದು ಈ ಕಸುಬಿಗೆ ಬಂದಿದ್ದ ಟೈಲರಮ್ಮ. ಬಾಯಲ್ಲಿ ಸದಾ ಗುಂಡುಪಿನ್ನು ಕಚ್ಚಿಕೊಂಡು ರೂಢಿಯಾಗಿ, ಈಗ ಪಿನ್ನು ಇಲ್ಲದಿದ್ದರೂ ಎಲ್ಲದಕ್ಕೂ ಹೂಂ ಎಂದೇ ಉತ್ತರಿಸುತ್ತಿದ್ದಳು. ಮೊದಲ ದಿನ ಗುಂಡಿ ಎಲ್ಲಿ ತೋರಿಸಿ ಎಂದಾಗ ತನ್ನ ಅಂಗಿಯ ಗುಂಡಿ ತೋರಿಸಿ ಎಲ್ಲರನ್ನೂ ನಗಿಸಿದ್ದಳು.

ಟೈಲರಮ್ಮ ಒಂದು ಹೆಡ್‌ಸೆಟ್ ಹಾಕಿದಳು, ನೋಡಲೆಂದು ಮೇಲಕ್ಕ ಇನ್ನೊಂದು ಹಾಕಿದಳು. ಇಬ್ಬರೂ ಒಂದೇ ಮೆಷಿನ್ ರೂಮಿನಲ್ಲಿ ಅಕ್ಕಪಕ್ಕ. ಟೈಲರಮ್ಮ ಪ್ಯಾನೆಲ್ ತೆರೆದಳು, ಫ್ಯೂಸು ನೋಡಿದಳು, ಆಮೇಲೆ ಪಾಠದ ಪ್ರಕಾರ ಕೇಳಿದಳು, "ಆಚೆ ಬಂದ್ರಾ?"

ಏಳು ಮಹಡಿ ಕೆಳಗಿನಿಂದ ಉತ್ತರ ಬಂತು. "ಹೂಂ."

ತಮ್ಮನ ದನಿ.

ಮೇಲಕ್ಕನ ಕೈ ತಾನಾಗಿ ಸೊಂಟಕ್ಕೆ, ವಾಕಿಟಾಕಿ ಇರುವ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಟೈಲರಮ್ಮ ಕಿವಿಗೊಟ್ಟು, ಕತ್ತು ಓರೆ ಮಾಡಿ ಒಂದು ಗಳಿಗೆ ನಿಂತು, ಸ್ವಿಚ್ಚು ಮುಟ್ಟಲಿಲ್ಲ. ಪ್ಯಾನೆಲಿನ ಮೇಲೆ ಹಸಿರು ಗುರುತು ಮೂಡಿತು, ಸರಿ ಉತ್ತರ. ಮತ್ತೆ ಕೇಳಿದಳು. ಮತ್ತೆ ಹೂಂ, ಈ ಸಲ ಸ್ವಲ್ಪ ಪಕ್ಕದಿಂದ. ಸ್ವಿಚ್ಚು ಎತ್ತಿದಳು. ಹಸಿರು. ಇಪ್ಪತ್ತು ಸಲಕ್ಕೆ ಇಪ್ಪತ್ತೂ ಸರಿ. ಹಾಲಿನಲ್ಲಿ ಚಪ್ಪಾಳೆ ಬಿತ್ತು.

"ಹೇಗೆ ಗೊತ್ತಾಯ್ತು?" ಎಂದು ಕೇಳಿದಳು ಮೇಲಕ್ಕ.

"ದನಿ ಎಲ್ಲಿಂದ ಬರುತ್ತೆ ಅಂತ ಕೇಳಿಸ್ಕೊಂಡ್ರೆ ಸಾಕಲ್ಲ ಅಕ್ಕಾ. ಗುಂಡಿ ಒಳಗಿಂದ ಬಂದ್ರೆ ಬೇಡ, ಬಾಗಿಲ ಕಡೆಯಿಂದ ಬಂದ್ರೆ ಎತ್ತು. ಬಲು ಸುಲಭ."

ಊಟದ ಬಿಡುವಿನಲ್ಲಿ ಮೇಲಕ್ಕ ಅಳತೆ ಮೇಡಮ್ಮಿನ ಮೇಜಿನ ಹತ್ತಿರ ಹೋದಳು. ಆಕೆ ಒಂದು ಕೈಲಿ ಬ್ರೆಡ್ಡು, ಇನ್ನೊಂದು ಕೈಲಿ ಕೀಬೋರ್ಡು ಹಿಡಿದಿದ್ದಳು.

"ವಾಕಿಟಾಕಿಗೆ ಜಾಗ ಇಲ್ಲ" ಎಂದಳು ಮೇಲಕ್ಕ. "ಅದರಲ್ಲಿ ಎಲ್ಲಾ ದನಿಯೂ ಸೊಂಟದಿಂದಲೇ ಬರೋದು. ಗುಂಡಿಯಿಂದ ಅಂದ್ರೂ ಅಷ್ಟೇ, ಬಾಗಿಲಿಂದ ಅಂದ್ರೂ ಅಷ್ಟೇ. ಈ ಹೂಂ ತೆಗೆದುಹಾಕಿ. ಮೂರು ಪದ ಹೇಳಿದ್ರೆ ಮಾತ್ರ ಹಸಿರು ಅಂತ ಮಾಡಿ."

"ಮೊದಲು ಹಾಗೇ ಕಟ್ಟಿದ್ದೆ ಅಕ್ಕಾ" ಎಂದಳು ಆಕೆ, ಬ್ರೆಡ್ಡು ಕೆಳಗಿಟ್ಟು. ದನಿ ತಗ್ಗಿಸಿ ಮುಂದುವರಿದಳು. "ಆಮೇಲೆ ಹಳೇ ವರದಿ ಓದಿದೆ. ಬೇಜಾರು ಮಾಡ್ಕೋಬೇಡಿ. ನಿಮ್ಮ ತಮ್ಮ ಮೂರೂ ಪದ ಸರಿಯಾಗೇ ಹೇಳಿದ್ರು, ಆದ್ರೂ ಗುಂಡಿ ಒಳಗೇ ಇದ್ರು. ಅಂದ್ರೆ ಪದ ನಂಬೋ ಹಾಗಿಲ್ಲ ಅಂತಾಯ್ತು. ಅದಕ್ಕೇ ಎಲ್ಲಾ ಕಿತ್ತುಹಾಕಿ ಜಾಗದ ಮೇಲೆ ಕಟ್ಟಿದೆ. ದನಿ ಕೊಡಿ ಅಂತ ಅವರನ್ನೇ ಕೇಳಿದೆ. ನನ್ನ ಬಾಯಿ ಈಗಲಾದ್ರೂ ಒಳ್ಳೇ ಕೆಲಸಕ್ಕೆ ಬರ್ಲಿ ಅಂತ ಖುಷಿಯಿಂದ ಬಂದ್ರು."

ತಾನು ಮೂರು ಪದ ಜೋಡಿಸಿ ಹೇಳಿದ ಸುಳ್ಳನ್ನು ಈ ಹುಡುಗಿ ನಿಷ್ಠೆಯಿಂದ ಓದಿ, ಅದರ ಮೇಲೆ ಏಳು ಮಹಡಿ ಎಬ್ಬಿಸಿದ್ದಾಳೆ. ಆ ಏಳು ಮಹಡಿಯೊಳಗೆ ನಿಂತು ಜನ ಹೂಂ ಅಂದರೆ ಸಾಕು ಎಂದು ಕಲಿಯುತ್ತಿದ್ದಾರೆ. ಇದೆಲ್ಲ ಮೇಲಕ್ಕನಿಗೆ ಸ್ಪಷ್ಟವಾಗಿ ತಿಳಿಯಿತು. ತಿಳಿಯಿತು, ಅಷ್ಟೇ. ಎದೆ ಹೊಡೆದುಕೊಳ್ಳಲಿಲ್ಲ, ಬೆವರು ಬರಲಿಲ್ಲ.

ಸಂಜೆ ಮ್ಯಾನೇಜರು ಒಂದು ಕಾಗದ ತಂದರು. ಪಾಠ ಸರಿಯಿದೆ ಎಂದು ಹಿರಿಯ ಮೆಕ್ಯಾನಿಕ್ ಸಹಿ ಹಾಕಬೇಕು, ಸೋಮವಾರ ಹನ್ನೆರಡು ಕೇಂದ್ರಗಳಿಗೆ ಹೋಗುತ್ತದೆ. ಮೇಲಕ್ಕ ಪೆನ್ನು ತೆಗೆದಳು, ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. "ಇನ್ನೊಂದು ಸಲ ನೋಡ್ತೀನಿ" ಎಂದಳು. "ನೋಡಿ, ನೋಡಿ, ಆದ್ರೆ ನೋಡ್ತಾನೇ ಕೂರ್ಬೇಡಿ" ಎಂದು ಮ್ಯಾನೇಜರು ತಮ್ಮ ಮಾತಿಗೆ ತಾವೇ ನಕ್ಕರು.

ಮನೆಯಲ್ಲಿ ಊಟಕ್ಕೆ ಎಲ್ಲರೂ ಕೆಳಗೇ ಕೂರುವುದು ವಾಡಿಕೆ. ತಮ್ಮನ ಮಗಳು, ಎಂಟು ವರ್ಷದವಳು, ಮನೆಪಾಠ ಮುಗಿಸದೆಯೇ ಮುಗಿಸಿದೆ ಎಂದು ಹೇಳಿ ಸಿಕ್ಕಿಬಿದ್ದಿದ್ದಳು.

"ಅಪ್ಪನ ಬುದ್ಧಿ ಕಲೀಬೇಡ" ಎಂದು ತಮ್ಮನ ಹೆಂಡತಿ ಮಗಳ ತಟ್ಟೆಗೆ ಪಲ್ಯ ಬಡಿಸುತ್ತಾ ಗದರಿದಳು. "ಮುಗೀದೇ ಇದ್ರೂ ಮುಗೀತು ಅನ್ನೋದು, ಬರದೇ ಇದ್ರೂ ಬಂದೆ ಅನ್ನೋದು. ಕಾಲು ಕಳ್ಕೊಂಡು ಕೂತವರನ್ನ ನೋಡಿದ್ಯಲ್ಲ."

ಕೋಪದ ಮಾತಲ್ಲ, ಎರಡು ವರ್ಷದಲ್ಲಿ ಮನೆಯ ಮಾಮೂಲಿ ಮಾತಾಗಿತ್ತು. ಗಂಡನಿಗೂ ಅದು ತಮಾಷೆಯೇ. "ಕೇಳಿದ್ಯಾ, ನಾನು ಒಳ್ಳೇ ಉದಾಹರಣೆ" ಎಂದು ಅವನು ಮಗಳ ತಲೆ ನೇವರಿಸಿದ. ಹುಡುಗಿ ಅಪ್ಪನ ಮುಖವನ್ನು ಒಂದು ಥರ ನೋಡಿದಳು. ಸುಳ್ಳುಗಾರರನ್ನು ಮಕ್ಕಳು ನೋಡುವ ನೋಟ ಅದು. ಮೇಲಕ್ಕ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಆ ನೋಟವನ್ನು ಕಂಡಳು. ಅನ್ನ ಮುಗಿಸಿದಳು, ಕೈ ತೊಳೆದಳು, ಮೆಟ್ಟಿಲು ಹತ್ತಿದಳು. ಹತ್ತುವಾಗ ಒಂದು ಮಾತು ಮಾತ್ರ ತಲೆಯಲ್ಲಿ ನಿಂತಿತ್ತು, ಆ ನೋಟ ನನಗೆ ಬರಬೇಕಾದದ್ದು.

ಶುಕ್ರವಾರ ಬೆಳಗ್ಗೆ ಅವಳು ಅಳತೆ ಮೇಡಮ್ಮಿಗೆ, "ನನ್ನ ತಮ್ಮನ್ನ ಕರೀರಿ. ನಾವಿಬ್ಬರೂ ಸೇರಿ ಒಂದ್ಸಲ ಮಾಡ್ತೀವಿ. ನೀವು ರೆಕಾರ್ಡ್ ಮಾಡ್ಕೊಳ್ಳಿ, ಏನೂ ಬಿಡಬೇಡಿ" ಎಂದಳು. ಆಕೆಗೆ ಹಿಗ್ಗೋ ಹಿಗ್ಗು. ಹನ್ನೊಂದು ವರ್ಷದ ಜೋಡಿ!

ಸ್ಟೋರಿನಿಂದ ತಮ್ಮ ಕುಂಟುತ್ತಾ ಬಂದ. ಹಳದಿ ಟೇಪಿನೊಳಗೆ ಅವನಿಗೊಂದು ಕುರ್ಚಿ ಹಾಕಿದರು. ಗೋಡೆಯ ಬಳಿ ಮೇಲಕ್ಕ ನಿಂತಳು. ನಿಜದಲ್ಲಿ ಇಬ್ಬರ ನಡುವೆ ಹತ್ತು ಹೆಜ್ಜೆ. ಹೆಡ್‌ಸೆಟ್ ಹಾಕಿದ ಕೂಡಲೇ ಅವಳಿಗೆ ಮೆಷಿನ್ ರೂಮು, ಅವನಿಗೆ ಗುಂಡಿ. ನಡುವೆ ಕಾಂಕ್ರೀಟು, ಕತ್ತಲು, ಏಳು ಮಹಡಿ.

"ಅಕ್ಕಾ!" ಎಂದು ಆಳದಿಂದ ತಮ್ಮನ ದನಿ ಬಂತು. "ಬಗ್ಗಿ ನೋಡಿದ್ರೆ ಇದು ನನಗೆ ಎರಡೂ ಕಾಲು ಕೊಟ್ಟಿದೆ! ಶೂಸ್ ಬೇರೆ ಹಾಕಿದೆ!"

"ಎಲ್ಲರಿಗೂ ಒಂದೇ ದೇಹ ಹಾಕಿಬಿಟ್ಟಿದ್ದೆ, ಕ್ಷಮಿಸಿ, ಸರಿ ಮಾಡ್ತೀನಿ" ಎಂದು ಅಳತೆ ಮೇಡಂ ಗಡಬಡಿಸಿದಳು.

"ಬೇಡ ಬಿಡಿ, ಸ್ವಲ್ಪ ಹೊತ್ತು ಇರ್ಲಿ" ಎಂದ ತಮ್ಮ.

ಮೇಲಕ್ಕ ಪ್ಯಾನೆಲ್ ತೆರೆದಳು. ಫ್ಯೂಸು ನೋಡಿದಳು. ಬೆರಳು ಮಡಚಿ ಮೇನ್ ಸ್ವಿಚ್ಚು ಹಿಡಿದಳು. ಎಲ್ಲವೂ ಆವತ್ತಿನ ಹಾಗೆಯೇ ಇತ್ತು.

"ಆಚೆ ಬಂದ್ಯಾ?"

"ಗುಂಡಿಯಿಂದ ಆಚೆ ಬಂದೆ!" ಎಂದ ತಮ್ಮ, ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ. ಆಮೇಲೆ ನಕ್ಕ. "ಹೀಗೇ ಅಂದೆ ಅಲ್ವಾ ಅಕ್ಕಾ ನಾನು ಆವತ್ತು? ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿಲ್ಲ ನೋಡು. ಇಂಥಾ ಮಾತು ಯಾಕಾದ್ರೂ ಬಾಯಿಗೆ ಬಂತೋ."

"ಬಂದಿಲ್ಲ" ಎಂದಳು ಅಕ್ಕ.

"ಆಂ?"

"ಆ ಮಾತು ನಿನ್ನ ಬಾಯಿಗೆ ಬರಲೇ ಇಲ್ಲ. ನಾನು ಆಚೆ ಬಂದ್ಯಾ ಅಂದೆ, ನೀನು ಹೂಂ ಅಂದೆ. ಬರೀ ಹೂಂ. ರೂಲ್ ಪ್ರಕಾರ ನಾನು ಮತ್ತೆ ಕೇಳಬೇಕಿತ್ತು. ಕೇಳ್ಲಿಲ್ಲ. ಮನೆಗೆ ಹೋಗೋ ಆತುರ, ಎತ್ತಿಬಿಟ್ಟೆ. ವಿಚಾರಣೇಲಿ ಮೂರು ಪದ ನಾನೇ ಸೇರಿಸಿ ಹೇಳಿದ್ದು. ನೀನು ಸುಳ್ಳು ಹೇಳಿಲ್ಲ. ಸುಳ್ಳು ನಂದು."

ಅಳತೆ ಮೇಡಮ್ಮಿನ ಕೀಬೋರ್ಡಿನ ಸದ್ದು ನಿಂತಿತು. ರೆಕಾರ್ಡಿಂಗಿನ ಕೆಂಪು ಚುಕ್ಕಿ ಮಾತ್ರ ಕಣ್ಣಂಚಿನಲ್ಲಿ ಮಿನುಗುತ್ತಲೇ ಇತ್ತು. ತಮ್ಮನ ಮುಖ ಹೇಗಾಗಿದೆಯೋ ನೋಡಲು ಹೆಡ್‌ಸೆಟ್ ಕಿತ್ತರೆ ಸಾಕಿತ್ತು, ಹತ್ತು ಹೆಜ್ಜೆ. ಅವಳು ಕೀಳಲಿಲ್ಲ. ಆವತ್ತೂ ಮುಖ ಕಂಡಿರಲಿಲ್ಲ.

ಕೆಳಗಿನಿಂದ ದನಿ ಬಂತು.

"ಹೂಂ."

ಜೋಮು ಬಿಡುವಾಗ ದವಡೆಯಲ್ಲಿ ಮೊದಲು ನೋವೇ ಬರುವುದು, ಅದು ಬಂತು. ಮೇಲಕ್ಕ ಹಲ್ಲು ಕಚ್ಚಿ ಹಿಡಿದರೂ ನಿಲ್ಲಲಿಲ್ಲ. ಎರಡು ವರ್ಷದ ಹಿಂದೆ ಕೇಳಬೇಕಿದ್ದ ಮಾತನ್ನು ಕೇಳಿದಳು.

"ಯಾವ ಹೂಂ ಅದು? ಬಾಯ್ಬಿಟ್ಟು ಹೇಳೋ."

"ಕೇಳಿಸ್ತು ಅಂತ" ಎಂದ ತಮ್ಮ. ಅವನ ದನಿಯಲ್ಲಿ ನಗು ಇರಲಿಲ್ಲ, ಬೈಗುಳವೂ ಇರಲಿಲ್ಲ. ಆಳದಲ್ಲಿ ಕುರ್ಚಿ ಕಿರುಗುಟ್ಟಿತು. "ಅಷ್ಟೇ. ಇನ್ನೂ ಆಚೆ ಬಂದಿಲ್ಲ ಅಕ್ಕಾ. ಇರು."

"ಆಯ್ತು, ಇರ್ತೀನಿ" ಎಂದಳು ಅಕ್ಕ. ಮೇನ್ ಸ್ವಿಚ್ಚಿನಿಂದ ಕೈ ತೆಗೆದು, ಗೋಡೆಯ ಬಳಿ ನಿಂತುಕೊಂಡೇ ಇದ್ದಳು.